ಟೈಮ್ ಎಷ್ಟಾಯ್ತು ಅಂತ ಕೇಳಿದವನಿಗೆ

ಬಸ್ ಸ್ಟಾಪಿನಲ್ಲಿ ನಾನೊಬ್ಬಳೇ ನಿಂತಿದ್ದೆ. ಕತ್ತಲಾಗಿತ್ತು. ಒಬ್ಬ ಬಂದು "ಟೈಮ್ ಎಷ್ಟಾಯ್ತು ಮೇಡಂ?" ಅಂತ ಕೇಳಿದ. ಬ್ಯಾಗಿನಿಂದ ಫೋನ್ ತೆಗೆದು, ತಲೆ ಬಗ್ಗಿಸಿ ನೋಡಿ, ಹೇಳಿದೆ. ತಲೆ ಎತ್ತಿದಾಗ ಅವನು ಮೊದಲು ನಿಂತಿದ್ದ ಜಾಗದಲ್ಲಿ ಇರಲಿಲ್ಲ. ಎರಡು ಹೆಜ್ಜೆ ಹತ್ತಿರ ಬಂದಿದ್ದ, ಅವನ ಉಸಿರು ನನಗೆ ಕೇಳಿಸುವಷ್ಟು ಹತ್ತಿರ.

"ಯಾವ ಕಡೆ ಹೋಗ್ಬೇಕು?" ಅಂದ. ನಾನು ಸುಮ್ಮನಿದ್ದೆ. "ನಮಗಿಬ್ರಿಗೂ ಇವತ್ತು ಬಸ್ ಸಿಗಲ್ಲ ಅನ್ಸುತ್ತೆ, ನಡ್ಕೊಂಡೇ ಹೋಗೋಣ ಬನ್ನಿ" ಅಂದ. ಆಗಲೂ ಸುಮ್ಮನಿದ್ದೆ. "ಮಾತಾಡ್ಸಿದ್ರೆ ಉತ್ತರ ಕೊಡೋಕೂ ಆಗಲ್ವಾ? ಅಷ್ಟೊಂದು ಜಂಬನಾ?" ಅಂದ. ಆ ಮಾತಿಗೆ ನಾನು ಸೋತೆ. ಜಂಬದವಳಲ್ಲ ಅಂತ ತೋರಿಸೋಕೆ ಒಂದು ಸಲ ನಕ್ಕು, ನಾನು ಇಳಿಯುವ ಸ್ಟಾಪಿನ ಹೆಸರು ಹೇಳಿಬಿಟ್ಟೆ. ಬಸ್ ಬಂತು. ಅವನೂ ಹತ್ತಿದ. ನನ್ನ ಸ್ಟಾಪಿನಲ್ಲೇ ಇಳಿದ. ನಾನು ಮನೆ ಕಡೆ ತಿರುಗದೆ, ಲೈಟ್ ಉರಿಯುತ್ತಿದ್ದ ಒಂದು ಅಂಗಡಿಯೊಳಗೆ ಹೋಗಿ, ಅಣ್ಣನಿಗೆ ಫೋನ್ ಮಾಡಿ, ಅವನು ಬರುವ ತನಕ ಅಲ್ಲೇ ನಿಂತಿದ್ದೆ. ಆ ದಿನ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ಯಾರೋ ಹಿಂದೆ ಬರುತ್ತಿದ್ದಾರೆ ಅನಿಸಿದಾಗ ಮನೆಗೆ ಹೋಗಬಾರದು, ನಮ್ಮ ಬಾಗಿಲು ಯಾವುದು ಅಂತ ನಾವೇ ತೋರಿಸಿಕೊಟ್ಟ ಹಾಗೆ ಆಗುತ್ತದೆ. ಜನ ಇರುವ ಕಡೆ ಹೋಗಬೇಕು.

ಅದಾದ ಮೇಲೆ ಎಷ್ಟೋ ದಿನ ಅದನ್ನೇ ಯೋಚಿಸಿದ್ದೇನೆ. ಟೈಮ್ ಕೇಳಿದ್ದು ಟೈಮ್ ತಿಳಿಯೋಕಲ್ಲ. ನಾನು ನಿಲ್ಲುತ್ತೇನಾ, ತಲೆ ಬಗ್ಗಿಸುತ್ತೇನಾ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವವಳಾ ಅಂತ ನೋಡೋಕೆ. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಜರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಬಗ್ಗೆ ಬರೆದಿದ್ದರು. ಅಂಗಳದಲ್ಲಿ 'ಹುಷಾರಾಗಿ ಗಾಡಿ ಓಡಿಸಿ' ಅನ್ನುವ ದೊಡ್ಡ, ಅಂದಗೆಟ್ಟ ಬೋರ್ಡು ನಿಲ್ಲಿಸುತ್ತೀರಾ ಅಂತ ನೇರವಾಗಿ ಕೇಳಿದಾಗ ನೂರಕ್ಕೆ 17 ಜನವೂ ಒಪ್ಪಲಿಲ್ಲ. ಆದರೆ ಅದೇ ವಿಷಯದ ಒಂದು ಪುಟ್ಟ ಚೀಟಿ ಅಂಟಿಸೋಕೆ ಮೊದಲೇ ಒಪ್ಪಿಕೊಂಡವರಲ್ಲಿ ನೂರಕ್ಕೆ 76 ಜನ ಒಪ್ಪಿದರು. ಟೈಮ್ ಹೇಳಿದ್ದು ನನ್ನ ಪುಟ್ಟ ಚೀಟಿ. ಬೋರ್ಡು ಆಮೇಲೆ ಬಂತು.

ಇನ್ನೊಂದು, 'ನಮಗಿಬ್ರಿಗೂ' ಅನ್ನುವ ಮಾತು. ನಾವಿಬ್ಬರು ಅಂತ ಒಂದು ಇರಲೇ ಇಲ್ಲ, ಅದನ್ನು ಅವನೇ ಹುಟ್ಟಿಸಿದ. ಮುನ್ನೆಲೆಗೆ ಬಾರದ ಇಂಥ ಸಣ್ಣ ಮಾತುಗಳೇ ಜಾಸ್ತಿ ಕೆಲಸ ಮಾಡುತ್ತವೆ. ಕೊನೆಗೆ 'ಜಂಬ' ಅನ್ನುವ ಹಣೆಪಟ್ಟಿ, ಅದನ್ನು ಕಿತ್ತುಹಾಕೋಕೆ ನಾವು ಮಾತಾಡಲೇಬೇಕು ಅನ್ನುವ ಹಾಗೆ. ಅನ್ನಲಿ ಬಿಡಿ. ಮತ್ತೆ ಯಾವತ್ತೂ ಸಿಗದ ಒಬ್ಬನ ಕಣ್ಣಿಗೆ ನಾವು ಒಳ್ಳೆಯವರಾಗಿ ಕಾಣಬೇಕಾಗಿಲ್ಲ.

ಎಲ್ಲರನ್ನೂ ಅನುಮಾನದಿಂದ ನೋಡಿ ಅಂತ ನಾನು ಹೇಳುತ್ತಿಲ್ಲ. ದಾರಿ ಕೇಳುವವರಲ್ಲಿ ಹೆಚ್ಚಿನವರಿಗೆ ನಿಜವಾಗಿಯೂ ದಾರಿಯೇ ಬೇಕಾಗಿರುತ್ತದೆ. ವ್ಯತ್ಯಾಸ ಗೊತ್ತಾಗುವುದು ನಾವು 'ಬೇಡ' ಅಂದ ಮೇಲೆ. ಒಳ್ಳೆಯವರು 'ಸರಿ' ಅಂತ ಹೋಗುತ್ತಾರೆ. 'ಯಾಕೆ ಬೇಡ, ನಾನೇನು ತಿಂದುಬಿಡ್ತೀನಾ, ಒಂದೇ ನಿಮಿಷ' ಅಂತ ಶುರು ಮಾಡಿದವರಿಗೆ ನಮ್ಮ ಮಾತು ಕೇಳಿಸಿದೆ, ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮನಸ್ಸಿಲ್ಲ. ಅಲ್ಲಿಂದ ಮುಂದೆ ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಹೇಳುತ್ತಾರೆ. ಬೇಡ ಅಂದರೆ ಬೇಡ, ಅಷ್ಟೇ.

ಈಗ ಯಾರಾದರೂ ಮಾತಾಡಿಸಿದರೆ ನಾನು ನಿಲ್ಲುವುದಿಲ್ಲ. ನಡೆಯುತ್ತಲೇ, ಮುಖ ನೋಡಿ, "ಗೊತ್ತಿಲ್ಲ" ಅನ್ನುತ್ತೇನೆ. ನಿಂತಲ್ಲೇ ಇದ್ದರೆ ಎರಡು ತೋಳಿನಷ್ಟು ದೂರ ಉಳಿಯುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಅವರು ಮತ್ತೆ ಆ ಹೆಜ್ಜೆ ತುಂಬಿದರೆ ನನಗೆ ಬೇಕಾದ ಉತ್ತರ ಸಿಕ್ಕಿತು. ಕಾರಿನಲ್ಲಿದ್ದವರು ದಾರಿ ಕೇಳಿದರೆ ಕಿಟಕಿ ಹತ್ತಿರ ಬಗ್ಗುವುದಿಲ್ಲ, ದೂರದಿಂದಲೇ ಕೈ ತೋರಿಸುತ್ತೇನೆ. ಕಾರು ನಿಧಾನಕ್ಕೆ ಪಕ್ಕದಲ್ಲೇ ಬರೋಕೆ ಶುರುವಾದರೆ, ಅದರ ಮೂತಿ ಎತ್ತ ಇದೆಯೋ ಅದಕ್ಕೆ ಉಲ್ಟಾ ದಿಕ್ಕಿಗೆ ನಡೆಯಿರಿ, ಗಾಡಿ ತಿರುಗಿಸೋಕೆ ಸಮಯ ಬೇಕು. ಅರ್ಜೆಂಟ್ ಕಾಲ್ ಮಾಡಬೇಕು ಅಂದವರಿಗೆ ಫೋನ್ ಕೈಗೆ ಕೊಡದೆ, ನಂಬರ್ ಕೇಳಿ ನಾನೇ ಡಯಲ್ ಮಾಡಿ ಸ್ಪೀಕರ್ ಹಾಕುತ್ತೇನೆ. ಚಾಕು ತೋರಿಸಿ ಪರ್ಸ್ ಕೇಳಿದರೆ ಕೊಟ್ಟುಬಿಡಿ, ದಯವಿಟ್ಟು. ಆದರೆ 'ಗಾಡಿ ಹತ್ತು, ಬಾ' ಅಂದರೆ ಹತ್ತಬೇಡಿ, ಕಿರುಚಿ, ಓಡಿ, ಜನ ಇರುವ ಕಡೆ ಓಡಿ.

ಕೂಗುವಾಗ ಒಂದು ವಿಷಯ ನೆನಪಿರಲಿ. ಸುತ್ತ ಜನ ಇದ್ದರೂ ಯಾರೂ ಬರದೇ ಇರಬಹುದು, ಎಲ್ಲರೂ ಬೇರೆ ಯಾರೋ ಹೋಗುತ್ತಾರೆ ಅಂದುಕೊಂಡಿರುತ್ತಾರೆ. ಡಾರ್ಲಿ ಮತ್ತು ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯವನಿಗೆ ಫಿಟ್ಸ್ ಬಂದಿದೆ ಅಂತ ಕೇಳಿಸಿಕೊಂಡವರಲ್ಲಿ, ತಾನೊಬ್ಬನೇ ಇದನ್ನು ಕೇಳುತ್ತಿದ್ದೇನೆ ಅಂದುಕೊಂಡವರು ನೂರಕ್ಕೆ 85 ಜನ ಅವನು ಇನ್ನೂ ಒದ್ದಾಡುತ್ತಿರುವಾಗಲೇ ಹೋಗಿ ಹೇಳಿದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂತ ನಂಬಿದವರಲ್ಲಿ ಹಾಗೆ ಮಾಡಿದ್ದು 31 ಜನ ಮಾತ್ರ. ಹಾಗಾಗಿ ಗಾಳಿಗೆ ಕೂಗದೆ ಒಬ್ಬರನ್ನು ಹಿಡಿದು ಕೇಳಿ. "ನೀಲಿ ಶರ್ಟ್ ಹಾಕಿರೋರೇ, ಇವರು ಯಾರೋ ನನಗೆ ಗೊತ್ತಿಲ್ಲ, ಪೊಲೀಸರಿಗೆ ಫೋನ್ ಮಾಡಿ" ಅನ್ನಿ. 'ಗೊತ್ತಿಲ್ಲ' ಅನ್ನುವುದು ಮುಖ್ಯ, ಇಲ್ಲದಿದ್ದರೆ ಗಂಡ ಹೆಂಡತಿ ಜಗಳ ಅಂದುಕೊಂಡು ಜನ ಸುಮ್ನೆ ಹೋಗಿಬಿಡುತ್ತಾರೆ. ಫೋನಿನಲ್ಲಿ ಎಸ್‌ಒಎಸ್, ಅಂದರೆ ಅಪಾಯದಲ್ಲಿ ಸಹಾಯ ಕರೆಯುವ ವ್ಯವಸ್ಥೆ, ಹೇಗೆ ಆನ್ ಆಗುತ್ತದೆ ಅಂತ ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ, ಎಷ್ಟೋ ಫೋನ್‌ಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ಸಾಕು.

ಮಕ್ಕಳಿಗೆ 'ಗೊತ್ತಿಲ್ಲದವರ ಜೊತೆ ಮಾತಾಡಬೇಡ' ಅಂದರೆ ಸಾಲದು. ಕಳೆದುಹೋದಾಗ ಅವರು ಗೊತ್ತಿಲ್ಲದವರನ್ನೇ ಕೇಳಬೇಕಲ್ವಾ? ನಾನು ಅಣ್ಣನ ಮಗಳಿಗೆ ಹೇಳಿದ್ದು, ದೊಡ್ಡವರಿಗೆ ಸಹಾಯ ಬೇಕಾದರೆ ದೊಡ್ಡವರನ್ನೇ ಕೇಳುತ್ತಾರೆ, ನಿನ್ನನ್ನು ಕೇಳಿದರೆ ಓಡಿ ಬಾ.

ಕಳೆದ ವಾರ ಅವಳಿಗೆ ಕೂಗೋದು ಹೇಳಿಕೊಟ್ಟೆ. ಎರಡೂ ಅಂಗೈ ಮುಂದೆ ಮಾಡಿ, ಕಾಲು ಸ್ವಲ್ಪ ಅಗಲಿಸಿ ನಿಂತು, "ಹಿಂದೆ ಹೋಗಿ!" ಮೊದಲ ಸಲ ಅವಳ ದನಿ ಗಂಟಲಲ್ಲೇ ಉಳಿಯಿತು. ಎರಡನೇ ಸಲ ನನ್ನ ಮುಖ ನೋಡಿ ನಿಲ್ಲಿಸಿದಳು, ನಾನು ಬೈತೀನೇನೋ ಅಂತ. ಬೈಯಲ್ಲ, ಇನ್ನೂ ಜೋರಾಗಿ ಅಂದೆ. ಮೂರನೇ ಸಲ ಅವಳು ಕೂಗಿದ ರಭಸಕ್ಕೆ ನಾನು ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಹೋದೆ.