ನಾಯಿ ಬೊಗಳಿದ್ದು ಯಾರಿಗೆ?

ನಮ್ಮ ಊರ ಮನೆಯಲ್ಲಿ ನಾಯಿ ಬೊಗಳಿದರೆ ಯಾರೂ ತಕ್ಷಣ ‘ಸುಮ್ನಿರೋ’ ಅನ್ನುವುದಿಲ್ಲ. ಮೊದಲು ಕಿವಿ ಕೊಡುತ್ತಾರೆ. ಆಯಿ ಒಲೆ ಮುಂದೆ ಕೂತಲ್ಲಿಂದಲೇ ಹೇಳುತ್ತಾಳೆ, ‘ಮಂಗ ಬಂತು.’ ಇಲ್ಲಾಂದ್ರೆ, ‘ಯಾರೋ ಬಂದ್ರು, ಗುರುತಿನವರೇ.’ ಎದ್ದು ಹೋಗಿ ನೋಡಿದರೆ ಹೆಚ್ಚಿನ ಸಲ ಅವಳು ಹೇಳಿದ್ದು ಸರಿಯೇ ಇರುತ್ತದೆ.

ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಳಗೆ ಇಳಿದರೆ ನಮ್ಮ ಮನೆ. ಹಿಂದೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ. ಪಕ್ಕದ ಮನೆ ಅಂದರೆ ಗಟ್ಟಿಯಾಗಿ ಕೂಗಿದರೆ ಕೇಳುವಷ್ಟು ದೂರ, ಅದೂ ಮಳೆ ಇಲ್ಲದಿದ್ದರೆ. ನಾನಿರುವುದು ಶಿರಸಿ ಪೇಟೆಯಲ್ಲಿ, ತಂಗಿ ಬೆಂಗಳೂರಿನಲ್ಲಿ. ಮನೆಯಲ್ಲಿ ಅಪ್ಪ, ಆಯಿ, ಎರಡು ಆಕಳು, ಮತ್ತೆ ದಾಸು. ಈ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಈಗ ಇದೇ ಕತೆ, ಅಲ್ವಾ?

ದಾಸು ಜಾತಿ ನಾಯಿ ಅಲ್ಲ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದೆ. 2005ರಲ್ಲಿ ಅಂಚೆ ಇಲಾಖೆಯವರು ಮುಧೋಳ ನಾಯಿಯ ಸ್ಟಾಂಪು ತಂದಿದ್ದರು. ಊರ ನಾಯಿಗೆ ಅಂಥ ಮರ್ಯಾದೆ ಎಲ್ಲಿಂದ ಬರಬೇಕು! ಗುಡುಗಿದರೆ ಮಂಚದ ಅಡಿ ಸೇರಿಕೊಳ್ಳುವ ಪ್ರಾಣಿ ಇದು. ಆದರೂ ಆ ಮನೆಯಲ್ಲಿ ಅಪ್ಪ ಆಯಿ ಇಬ್ಬರೇ ಇದ್ದಾರೆ ಅಂತ ಗೊತ್ತಿದ್ದೂ ನಾನು ಪೇಟೆಯಲ್ಲಿ ನಿದ್ದೆ ಮಾಡುವುದು ಅವನ ಮೇಲಿನ ಭರವಸೆಯಿಂದ.

ನಾಯಿ ಕಾಯುವುದು ಅಂದರೆ ಮೈಮೇಲೆ ಬಿದ್ದು ಕಚ್ಚುವುದು ಅಂತ ತುಂಬಾ ಜನ ತಿಳಿದಿರುತ್ತಾರೆ. ನಾನು ಕಂಡ ಹಾಗೆ ಅದರ ಕೆಲಸದ ಮುಕ್ಕಾಲು ಪಾಲು ಸುದ್ದಿ ಮುಟ್ಟಿಸುವುದು. ಮಂಗ ಬಂದರೆ ದಾಸು ಓಡುತ್ತಲೇ ಬೊಗಳುತ್ತಾನೆ, ದನಿ ತೋಟದ ಕಡೆ ಇಳಿದು ಹೋಗುತ್ತದೆ. ಮಂಗಗಳು ಮರದ ಮೇಲೆ ಕೂತು ಅವನನ್ನು ಆರಾಮಾಗಿ ನೋಡುತ್ತವೆ, ಅದು ಬೇರೆ ವಿಷಯ. ಗುರುತಿನವರಾದರೆ ಒಂದೆರಡು ಸಲ ಬೊಗಳಿ ಆಮೇಲೆ ಮೂಗಿನಲ್ಲಿ ಕುಂಯ್ ಅನ್ನುವುದು. ಹೊಸಬರಾದರೆ ಗೇಟಿನ ಬದಲು ಹಾಕಿದ ಉಣುಗೋಲಿನ ಹತ್ತಿರ ನಿಂತು ಒಂದೇ ಸಮನೆ. ಅಡಿಕೆ ಗೊನೆ ಕೊಯ್ಯಲು ಬರುವ ಕೊನೆಗೌಡರಿಗೆ ಬೊಗಳುವುದೇ ಇಲ್ಲ. ಅವರ ಜೊತೆಗೆ ಬರುವ ಹೊಸ ಹುಡುಗನಿಗೆ ಮಾತ್ರ ಬೊಗಳುತ್ತಾನೆ.

ಹಾವಿನ ಬೊಗಳಿಕೆ ಬೇರೆಯೇ. ಹೋದ ಮಳೆಗಾಲದಲ್ಲಿ ನಾನು ಮನೆಯಲ್ಲಿದ್ದಾಗ ಅದನ್ನು ಹತ್ತಿರದಿಂದ ನೋಡಿದೆ. ಸಂಜೆ ದೀಪ ಹಚ್ಚುವ ಹೊತ್ತು. ಬಚ್ಚಲ ಪಕ್ಕದ ಕಟ್ಟಿಗೆ ರಾಶಿಯ ಎದುರು ದಾಸು ನಾಲ್ಕೂ ಕಾಲು ಊರಿ ನಿಂತಿದ್ದ. ಬೆನ್ನಿನ ಕೂದಲು ಕುತ್ತಿಗೆಯಿಂದ ಬಾಲದವರೆಗೆ ನೆಟ್ಟಗಾಗಿತ್ತು. ಒಂದು ಸಲ ಬೊಗಳುವುದು, ಅರ್ಧ ಹೆಜ್ಜೆ ಹಿಂದೆ ಸರಿಯುವುದು, ಮತ್ತೆ ಮೂಗು ಮುಂದೆ ಚಾಚುವುದು. ಆಯಿ ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಬೇರೆ ಯಾವಾಗಲಾದರೂ ಆಯಿ ಕರೆದರೆ ತಿನ್ನುವುದನ್ನು ಬಿಟ್ಟು ಓಡಿ ಬರುವವನು. ಅಪ್ಪ ಟಾರ್ಚ್ ಬಿಟ್ಟರು. ಎರಡು ಕಟ್ಟಿಗೆ ಮಧ್ಯೆ ನಾಗರಹಾವು ಹೆಡೆ ಎತ್ತಿ ಕೂತಿತ್ತು. ನಮ್ಮಲ್ಲಿ ನಾಗರವನ್ನು ಹೊಡೆಯುವುದಿಲ್ಲ. ದಾಸುವನ್ನು ಬೆಲ್ಟು ಹಿಡಿದು ಜಗುಲಿಗೆ ಎಳೆದು ಕಟ್ಟಿದೆವು. ಸ್ವಲ್ಪ ಹೊತ್ತಿಗೆ ಹಾವು ದರೆಯ ಕಡೆ ಹರಿದು ಹೋಯಿತು. ಆಯಿ ದಿನಾ ಅದೇ ಹೊತ್ತಿಗೆ ಬಚ್ಚಲ ಒಲೆಗೆ ಕಟ್ಟಿಗೆ ತರಲು ಅಲ್ಲಿಗೇ ಕೈ ಹಾಕುತ್ತಾಳೆ.

ಬೆಳೆದ ತೋಳಗಳು ಬೊಗಳುವುದು ಬಹಳ ಕಡಿಮೆ. ನಾಯಿ ಮಾತ್ರ ಎಲ್ಲದಕ್ಕೂ ಬೊಗಳುತ್ತದೆ. ಮನುಷ್ಯರ ಜೊತೆ ಸಾವಿರಾರು ವರ್ಷ ಬಾಳಿದ ಮೇಲೆ ಬೆಳೆದ ಅಭ್ಯಾಸ ಇದು ಅನ್ನುವವರಿದ್ದಾರೆ. ಹಂಗೇರಿಯ ಬುಡಾಪೆಸ್ಟಿನ ಸಂಶೋಧಕರು ಮೂಡಿ ಅನ್ನುವ ಅಲ್ಲಿನ ಕುರಿ ಕಾಯುವ ನಾಯಿಗಳ ಬೊಗಳಿಕೆ ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದ್ದರು. ಹೊಸಬರು ಬಂದಾಗ ಬೊಗಳಿದ್ದು, ಒಂಟಿಯಾಗಿ ಕಟ್ಟಿಹಾಕಿದಾಗ ಬೊಗಳಿದ್ದು, ಆಟಕ್ಕೆ ಬೊಗಳಿದ್ದು ಹೀಗೆ. ನಾಯಿ ಸಾಕದವರು ಕೂಡ ಸುಮ್ನೆ ಊಹೆ ಮಾಡಿ ಸಿಗುವುದಕ್ಕಿಂತ ಜಾಸ್ತಿ ಸರಿ ಉತ್ತರ ಹೇಳಿದರಂತೆ. ಇದನ್ನು ಆಯಿಗೆ ಹೇಳಿದೆ. ‘ಅದಕ್ಕೆ ಅಷ್ಟು ದೊಡ್ಡ ಓದು ಬೇಕಾ?’ ಅಂದಳು.

ಇನ್ನು ರಾತ್ರಿಯ ವಿಷಯ. ಕಾವಲಿನ ನಾಯಿಯನ್ನು ನಾವು ರಾತ್ರಿ ಒಳಗೆ ಹಾಕಿ ಬಾಗಿಲು ಹಾಕುತ್ತೇವೆ. ಕೇಳಿದವರು ನಗುತ್ತಾರೆ. ಆದರೆ ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಮಹಾರಾಷ್ಟ್ರದ ಅಕೋಲೆ ಕಡೆ, ಹೊಲ ಗದ್ದೆಗಳ ನಡುವೆ ಓಡಾಡುವ ಚಿರತೆಗಳ ಹಿಕ್ಕೆ ಪರೀಕ್ಷೆ ಮಾಡಿದವರು 2014ರಲ್ಲಿ ಬರೆದಿದ್ದರು: ಅವು ತಿಂದ ಮಾಂಸದಲ್ಲಿ ತೂಕದ ಲೆಕ್ಕದಲ್ಲಿ ಶೇ. 39ರಷ್ಟು ಸಾಕು ನಾಯಿ, ಬೀದಿ ನಾಯಿಗಳದ್ದೇ. ನಮ್ಮೂರಿನವರಿಗೆ ಲೆಕ್ಕ ಗೊತ್ತಿಲ್ಲ, ವಿಷಯ ಗೊತ್ತು. ದಾಸುವಿಗಿಂತ ಮುಂಚೆ ಇದ್ದ ಕರಿಯ ಒಂದು ರಾತ್ರಿ ಅಂಗಳದಿಂದಲೇ ಹೋದ. ಬೆಳಿಗ್ಗೆ ಕೊಟ್ಟಿಗೆ ಹಿಂದೆ ಸರಪಳಿಯ ತುಂಡು ಸಿಕ್ಕಿತು. ಕಟ್ಟಿಹಾಕಿದ ನಾಯಿಗೆ ಓಡುವುದಕ್ಕೂ ದಾರಿ ಇಲ್ಲ. ಅಂದಿನಿಂದ ನಮ್ಮಲ್ಲಿ ರಾತ್ರಿ ನಾಯಿಯನ್ನು ಹೊರಗೆ ಕಟ್ಟುವ ಪದ್ಧತಿ ನಿಂತಿತು. ದಾಸು ಒಳಗಿನಿಂದಲೇ ಬೊಗಳುತ್ತಾನೆ. ಅಷ್ಟು ಸಾಕು. ಲೈಟು ಹಾಕಬೇಕಾದವರು ನಾವು ತಾನೇ.

ಅಡಿಕೆಗೆ ರೇಟು ಬಂದ ವರ್ಷ ಕಳ್ಳರ ಭಯಕ್ಕೆ ಅಂತ ನಾನು ಅಂಗಳಕ್ಕೆ ಸಿಸಿ ಕ್ಯಾಮೆರಾ ಹಾಕಿಸಿದೆ. ಕರೆಂಟು ಇದ್ದಾಗ ಚೆನ್ನಾಗಿದೆ. ಆಷಾಢದಲ್ಲಿ ಕರೆಂಟು ಎಷ್ಟಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಈಗ ಅದರ ಮೇಲೆ ಜೇಡ ಬಲೆ ಕಟ್ಟಿದೆ.

ದಾಸು ಬೊಗಳದೆಯೂ ಒಂದು ಸಲ ಸುದ್ದಿ ತಂದಿದ್ದ. ಅಪ್ಪ ತೋಟಕ್ಕೆ ಹೊರಟರೆ ಅವನು ಮುಂದೆ. ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ಬಂದಾಗ ತಾನು ಮೊದಲು ದಾಟಿ, ಆಚೆ ನಿಂತು ಹಿಂದೆ ತಿರುಗಿ ನೋಡುತ್ತಾನೆ. ಅಪ್ಪ ದಾಟಿದ ಮೇಲೇ ಮುಂದಿನ ಹೆಜ್ಜೆ. ಯಾರೂ ಕಲಿಸಿದ್ದಲ್ಲ. ಒಂದು ದಿನ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ದಾಸು ಒಬ್ಬನೇ ಮನೆಗೆ ಬಂದ. ಜಗುಲಿ ಹತ್ತಲಿಲ್ಲ. ಅಂಗಳದಲ್ಲಿ ನೆನೆಯುತ್ತಾ ನಿಂತ. ಆಯಿ ನೋಡಿದವಳೇ ‘ಎಂತ ಆತೋ ತಮಾ?’ ಅಂತ ಕೊಡೆ ಹಿಡಿದು ಹೊರಟಳು. ಅಪ್ಪ ಸಂಕದ ಹತ್ತಿರ ಜಾರಿ ಬಿದ್ದು, ಪಾದ ತಿರುಚಿ, ಏಳಲಾಗದೆ ಕೂತಿದ್ದರು. ಮೊಬೈಲು ಮನೆಯಲ್ಲೇ ಇತ್ತು. ತೋಟದಲ್ಲಿ ಇದ್ದರೂ ನೆಟ್‌ವರ್ಕ್ ಸಿಗುವುದಿಲ್ಲ ಬಿಡಿ.

ಅವನು ಕರೆಯಲೆಂದೇ ಬಂದನೋ, ಗಂಜಿಯ ಹೊತ್ತಾಯಿತೆಂದು ಬಂದನೋ, ಹೇಳುವುದು ಕಷ್ಟ. ಆಯಿಯನ್ನು ಕೇಳಿದರೆ ಅನುಮಾನವೇ ಇಲ್ಲ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು: ದಿನಾ ಅಪ್ಪನ ಜೊತೆಗೇ ಬರುವವನು ಒಬ್ಬನೇ ಬಂದ ಅಂತ ಆಯಿಗೆ ತಕ್ಷಣ ಗೊತ್ತಾಯಿತು. ವರ್ಷಗಟ್ಟಲೆ ಒಟ್ಟಿಗೆ ಇದ್ದರೆ ಮಾತ್ರ ಅದು ಗೊತ್ತಾಗುವುದು.

ಈ ಒಟ್ಟಿಗೆ ಇರುವುದಕ್ಕೆ ಕೆಲಸವೂ ಬಹಳ. ಮರಿಯಿದ್ದಾಗ ದಾಸುವಿಗೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಬಂದು ರಕ್ತಭೇದಿ ಆಗಿತ್ತು. ಡಾಕ್ಟರು ಡ್ರಿಪ್ ಹಾಕಿ ಕಳಿಸಿದ ಮೇಲೆ ಆಯಿ ರಾತ್ರಿಯಿಡೀ ಚಮಚೆಯಲ್ಲಿ ಓಆರ್‌ಎಸ್ ನೀರು ಕುಡಿಸಿದ್ದಳು. ಜರ್ಮನಿಯ ಬಾನ್ ಹತ್ತಿರ 1914ರಲ್ಲಿ ಸುಮಾರು 14,000 ವರ್ಷ ಹಳೆಯ ಗೋರಿ ಸಿಕ್ಕಿತ್ತು. ಒಬ್ಬ ಗಂಡಸು, ಒಬ್ಬಳು ಹೆಂಗಸು, ಜೊತೆಗೆ ಒಂದು ನಾಯಿಮರಿ. ಮರಿಗೆ ಡಿಸ್ಟೆಂಪರ್ ಕಾಯಿಲೆ ಬಂದು ವಾರಗಟ್ಟಲೆ ನರಳಿತ್ತು ಅಂತ ಅದರ ಹಲ್ಲು ನೋಡಿ ಹೇಳಿದ್ದಾರೆ. ಯಾರೋ ನೋಡಿಕೊಳ್ಳದೆ ಅಷ್ಟು ದಿನ ಬದುಕುತ್ತಿರಲಿಲ್ಲವಂತೆ. ಬೇಟೆಗಾಗಲೀ ಕಾವಲಿಗಾಗಲೀ ಬಾರದ ಕಾಯಿಲೆ ಮರಿ! ಅಲ್ಲಿಯೂ ಯಾರೋ ನಮ್ಮ ಆಯಿಯಂಥವಳು ಇದ್ದಿರಬೇಕು.

ಬೆಟ್ಟ ತಿರುಗಿ ಬಂದರೆ ದಾಸುವಿನ ಮೈತುಂಬಾ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಮಂಗನ ಕಾಯಿಲೆ ಬರುವುದು ಉಣುಗಿನಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಸಿದ್ದಾಪುರದ ಕಡೆಯವರಿಗೂ ಅದರ ಹೆಸರು ಹೊಸದಲ್ಲ. ಹಾಗಾಗಿ ಮಧ್ಯಾಹ್ನ ಊಟ ಆದ ಮೇಲೆ ಆಯಿ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಅವನ ಕಿವಿ ಮಡಚಿ, ಬೆರಳ ಸಂದಿ ಬಿಡಿಸಿ, ಒಂದೊಂದೇ ಕಿತ್ತು ಸೋಪಿನ ನೀರಿಗೆ ಹಾಕುತ್ತಾಳೆ. ಆಗ ಮಾತು ಶುರು. ನನ್ನ ಬಗ್ಗೆ, ತಂಗಿಯ ಬಗ್ಗೆ, ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ಬಗ್ಗೆ ಎಲ್ಲ ದೂರೂ ದಾಸುವಿಗೇ. ನನಗೆ ಫೋನಿನಲ್ಲಿ ಹೇಳುವುದು ‘ಎಲ್ಲ ಆರಾಮು’ ಅಂತ ಮಾತ್ರ. ಹಾಗಾಗಿ ಮನೆಯ ನಿಜವಾದ ಸುದ್ದಿ ಬೇಕಾದರೆ ನಾನು ಆ ಹೊತ್ತಿಗೆ ಜಗುಲಿಯ ಒಳಗಡೆ ಸುಮ್ನೆ ಪೇಪರು ಹಿಡಿದು ಕೂರುತ್ತೇನೆ.

ದಾಸುವಿಗೆ ಈಗ ಮೂತಿಯ ಕೂದಲು ಬೆಳ್ಳಗಾಗಿದೆ. ಕಿವಿಯೂ ಮೊದಲಿನಷ್ಟು ಚುರುಕಿಲ್ಲ. ಬೈಕು ಅಂಗಳಕ್ಕೆ ಬಂದು ನಿಂತ ಮೇಲೆ ಬೊಗಳುತ್ತಾನೆ. ಇನ್ನೊಂದು ಮರಿ ತರೋಣ ಅಂದರೆ ಆಯಿ ಒಪ್ಪುವುದಿಲ್ಲ. ‘ಇವನಿಗೆ ಬೇಜಾರಾಗ್ತದೆ’ ಅಂತ ಅವಳ ವಾದ. ಆದರೆ ಆಚೆ ಮನೆಯ ನಾಯಿ ಮರಿ ಹಾಕಿದೆ. ಅಪ್ಪ ಎರಡು ದಿನದಿಂದ ಅಡಿಕೆ ಮಾತಾಡಲು ಅಂತ ಅಲ್ಲಿಗೆ ಹೋಗಿ ಬರುತ್ತಿದ್ದಾರೆ. ಸಾಮಾನ್ಯ ನಾಯಿಗೆ ಹದಿನೆಂಟು ಉಗುರು, ಇಪ್ಪತ್ತು ಇದ್ದರೆ ಕಾವಲಿಗೆ ಒಳ್ಳೆಯದು ಅಂತ ಅವರ ನಂಬಿಕೆ. ನಿನ್ನೆ ನನಗೆ ಫೋನು ಮಾಡಿ, ಆಯಿಗೆ ಕೇಳದ ಹಾಗೆ ದನಿ ತಗ್ಗಿಸಿ ಹೇಳಿದರು: ‘ಕಪ್ಪು ಮರಿಯದ್ದು ಎಣಿಸಿದೆ. ಹತ್ತೊಂಬತ್ತು ಬಂತು. ಮಾರಾಯ, ಅದು ಕಾಲು ನೆಟ್ಟಗೆ ಕೊಡುವುದಿಲ್ಲ. ಶನಿವಾರ ನೀನು ಬಾ, ಹಿಡಿದುಕೋ, ಇನ್ನೊಮ್ಮೆ ಎಣಿಸೋಣ.’