ಗಿಡವೇ ಇಲ್ಲದ ಕಾಲದ ಕಲ್ಲಲ್ಲಿ ಸಸ್ಯಶಾಸ್ತ್ರದವರಿಗೇನು ಕೆಲಸ?

ನಾನು ಪಳೆಯುಳಿಕೆಗಳ ಸಸ್ಯಶಾಸ್ತ್ರ ಓದಿದವಳು ಎಂದರೆ ಕೇಳಿದವರ ಕಣ್ಣ ಮುಂದೆ ಕಲ್ಲಿನ ಮೇಲೆ ಅಚ್ಚೊತ್ತಿದ ಜರೀಗಿಡದ ಎಲೆಯೊಂದು ಬರುತ್ತದೆ. ಅಲ್ಲಿಯವರೆಗೆ ಎಲ್ಲ ಸರಿ. ನಾನು ನೋಡುವುದು ಇನ್ನೂರು, ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲು ಅಂದ ಕೂಡಲೇ ಸ್ವಲ್ಪ ಓದಿಕೊಂಡವರು ಲೆಕ್ಕ ಹಾಕತೊಡಗುತ್ತಾರೆ. ನೆಲದ ಮೇಲೆ ಗಿಡಗಳಿದ್ದವು ಎನ್ನುವುದಕ್ಕೆ ಸಿಕ್ಕಿರುವ ಹಳೆಯ ಸಾಕ್ಷಿ ಎಂದರೆ ಕೆಲವು ಬೀಜಕಣಗಳು. ಅವುಗಳ ವಯಸ್ಸು ಸುಮಾರು 47 ಕೋಟಿ ವರ್ಷ, ಅಷ್ಟೇ. "ಅಲ್ಲ ಮೇಡಂ, ಗಿಡವೇ ಇಲ್ಲದ ಕಾಲದ ಕಲ್ಲಲ್ಲಿ ನಿಮಗೇನು ಕೆಲಸ?" ಕಾಲೇಜುಗಳಲ್ಲಿ, ನೆಂಟರ ಮದುವೆಗಳಲ್ಲಿ, ರೈಲಿನ ಎದುರು ಸೀಟಿನಲ್ಲಿ ಕೂತವರಿಂದ ಈ ಪ್ರಶ್ನೆ ಕೇಳಿಸಿಕೊಂಡು, ನಗುತ್ತ ಅರ್ಧ ಉತ್ತರ ಕೊಟ್ಟು ಜಾರಿಕೊಂಡಿದ್ದೇನೆ. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಮಾತಿನಲ್ಲಿ ಬೇಕೆಂದರೆ: ಜೀವಕೋಶವೊಂದು ಹೇಗೆ ಕೊಳೆಯುತ್ತದೆ ಎಂದು ನೋಡಿ ಗೊತ್ತಿರುವವರು ಅಲ್ಲಿ ಬೇಕು.

ಇದಕ್ಕೂ ಮೊದಲಿನ, ಸ್ವಲ್ಪ ಸಪ್ಪೆಯಾದ ಕಾರಣವೂ ಒಂದಿದೆ. ಬಿ.ಎಸ್ಸಿ.ಯಲ್ಲಿ ಬಾಟನಿ ತೆಗೆದುಕೊಂಡವರು ಪ್ರಾಕ್ಟಿಕಲ್‌ನಲ್ಲಿ ಮೊದಮೊದಲು ನೋಡುವ ಸ್ಲೈಡುಗಳಲ್ಲಿ ನಾಸ್ಟಾಕ್, ಆಸಿಲಟೋರಿಯ ಇರುತ್ತವೆ. ಇವು ನೀಲಿ ಹಸಿರು ಪಾಚಿಗಳು. ಈಗ ಇವನ್ನು ಸೈನೋಬ್ಯಾಕ್ಟೀರಿಯಾ ಎಂದು ಬ್ಯಾಕ್ಟೀರಿಯಾಗಳ ಪಂಗಡಕ್ಕೆ ಸೇರಿಸಿದ್ದರೂ ಪಾಠ ಮಾಡುವವರು ಬಹುಮಟ್ಟಿಗೆ ಬಾಟನಿ ಮೇಷ್ಟ್ರುಗಳೇ. ಭೂಮಿಯ ಚರಿತ್ರೆಯ ಬಹುಪಾಲು ಇಂಥ ಸೂಕ್ಷ್ಮಜೀವಿಗಳದ್ದು. ಹಾಗಾಗಿ ಅವುಗಳ ಪಳೆಯುಳಿಕೆಯೂ ನಮ್ಮ ಪಾಲಿಗೆ ಬಂತು.

ಡಾರ್ವಿನ್ 1859ರಲ್ಲಿ ತನ್ನ ಪುಸ್ತಕ ಹೊರತಂದಾಗ ಅವನನ್ನು ಬಹಳ ಕಾಡಿದ ತೊಡಕುಗಳಲ್ಲಿ ಒಂದು ಇದೇ. ನಾವೀಗ ಕೇಂಬ್ರಿಯನ್ (ಸುಮಾರು 54 ಕೋಟಿ ವರ್ಷ ಹಿಂದೆ ಶುರುವಾದ ಕಾಲ) ಎಂದು ಕರೆಯುವ ಪದರಗಳಲ್ಲಿ ಪ್ರಾಣಿಗಳ ಪಳೆಯುಳಿಕೆ ಇದ್ದಕ್ಕಿದ್ದ ಹಾಗೆ ತುಂಬಿಕೊಂಡಿವೆ. ಅವುಗಳ ಕೆಳಗಿನ ಪದರಗಳು ಖಾಲಿ. ಏಕೆ ಖಾಲಿ ಎಂಬುದಕ್ಕೆ ಒಪ್ಪುವಂಥ ಉತ್ತರ ತನ್ನಲ್ಲಿಲ್ಲವೆಂದು ಅವನೇ ಬರೆದ. ಆಮೇಲೆ ಅಮೆರಿಕದ ಚಾರ್ಲ್ಸ್ ವಾಲ್ಕಾಟ್ ಹಳೆಯ ಸುಣ್ಣಕಲ್ಲಿನಲ್ಲಿ ಕಾಣುವ, ಪದರದ ಮೇಲೆ ಪದರ ಕೂತ ಗುಮ್ಮಟದಂಥ ರಚನೆಗಳನ್ನು ಪಾಚಿ ಕಟ್ಟಿದ್ದು ಎಂದು ವಾದಿಸಿದ. ಕೇಂಬ್ರಿಡ್ಜಿನ ಸಸ್ಯಶಾಸ್ತ್ರಜ್ಞ ಎ.ಸಿ. ಸೀವರ್ಡ್ 1931ರಲ್ಲಿ ಅದನ್ನು ಒಪ್ಪಲಿಲ್ಲ. ಗುಮ್ಮಟ ಇದೆ ಸರಿ, ಕೋಶ ಎಲ್ಲಿ ಎಂಬುದು ಅವನ ಆಕ್ಷೇಪದ ಸಾರ. ಗುಮ್ಮಟಗಳ ವಿಷಯದಲ್ಲಿ ಕೊನೆಗೆ ಗೆದ್ದದ್ದು ವಾಲ್ಕಾಟ್. ಆದರೂ ಸೀವರ್ಡ್ ಕೇಳಿದ್ದು ಸರಿಯಾದ ಪ್ರಶ್ನೆಯೇ ಎಂದು ನನಗನ್ನಿಸುತ್ತದೆ.

ಕೋಶ ಸಿಕ್ಕಿದ್ದು 1953ರಲ್ಲಿ. ವಿಸ್ಕಾನ್ಸಿನ್‌ನ ಭೂವಿಜ್ಞಾನಿ ಸ್ಟ್ಯಾನ್ಲಿ ಟೈಲರ್ ಹುಡುಕುತ್ತಿದ್ದದ್ದು ಜೀವವನ್ನಲ್ಲ. ಅವನ ಕೆಲಸ ಕಬ್ಬಿಣದ ಅದಿರಿನ ಪದರಗಳದ್ದು. ಸುಪೀರಿಯರ್ ಸರೋವರದ ಉತ್ತರ ದಡದಲ್ಲಿ, ಕೆನಡಾದ ಒಂಟಾರಿಯೊದಲ್ಲಿ, ಗನ್‌ಫ್ಲಿಂಟ್ ಎಂಬ ಪದರದಿಂದ ಕಪ್ಪು ಚರ್ಟ್ ಕಲ್ಲನ್ನು ತಂದು ತೆಳುವಾಗಿ ಅರೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಎಳೆಗಳೂ ಗುಂಡುಗಳೂ ಕಂಡವು. ಅವು ಏನೆಂದು ಹೇಳಬಲ್ಲವರು ಅವನ ಕ್ಷೇತ್ರದಲ್ಲಿರಲಿಲ್ಲ. ಹಾಗಾಗಿ ಅವು ಹಾರ್ವರ್ಡ್‌ನ ಎಲ್ಸೊ ಬಾರ್ಗೂರ್ನ್ ಕೈಗೆ ಬಂದವು. ಬಾರ್ಗೂರ್ನ್ ಸಸ್ಯಶಾಸ್ತ್ರಜ್ಞ. ಸೌದೆ, ಪೀಟ್, ಕಲ್ಲಿದ್ದಲು ಇವುಗಳಲ್ಲಿ ಸಸ್ಯದ ಅಂಗಾಂಶ ಹೇಗೆ ಹಾಳಾಗುತ್ತ ಹೋಗುತ್ತದೆ ಎಂಬುದರಲ್ಲಿ ಪಳಗಿದವನು. ಇಬ್ಬರೂ 1954ರಲ್ಲಿ ಪುಟ್ಟದೊಂದು ಲೇಖನ ಪ್ರಕಟಿಸಿದರು. ವಿವರವಾದ ಲೇಖನ ಬಂದದ್ದು 1965ರಲ್ಲಿ. ಅಷ್ಟರಲ್ಲಿ ಟೈಲರ್ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಕಲ್ಲಿನ ವಯಸ್ಸು ಸುಮಾರು 188 ಕೋಟಿ ವರ್ಷ ಎಂದು ಈಗ ಗೊತ್ತಿದೆ.

ಚರ್ಟ್ ಎಂದರೆ ಸಿಲಿಕಾ. ಸಿಲಿಕಾ ಕರಗಿದ ನೀರು ಕೋಶ ಪೂರ್ತಿ ಕೊಳೆಯುವ ಮೊದಲೇ ಒಳಗೆ ಇಳಿದು ಗಟ್ಟಿಯಾದರೆ ಕೋಶ ಜಜ್ಜಿಹೋಗದೆ ಗುಂಡಗೇ ಉಳಿಯುತ್ತದೆ. ಇಂಥ ಕಲ್ಲನ್ನು ಓದುವುದು ಸಸ್ಯಶಾಸ್ತ್ರದವರಿಗೆ ಆಗಲೇ ರೂಢಿಯಾಗಿತ್ತು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯಲ್ಲಿ 1912ರಲ್ಲಿ ಸಿಕ್ಕ ಚರ್ಟ್‌ನಲ್ಲಿ 40 ಕೋಟಿ ವರ್ಷಕ್ಕೂ ಹಿಂದಿನ ಪುಟ್ಟ ಗಿಡಗಳ ಕಾಂಡ, ಅದರೊಳಗೆ ಹೊಕ್ಕ ಶಿಲೀಂಧ್ರದ ಎಳೆಗಳ ಸಮೇತ ಉಳಿದಿದ್ದವು.

ಈಗ ಕೊಳೆಯುವ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಉತ್ತರ ಇರುವುದು ಅಲ್ಲಿಯೇ.

ಬಾರ್ಗೂರ್ನ್ ಶಿಷ್ಯ ವಿಲಿಯಂ ಶಾಫ್ ಮಧ್ಯ ಆಸ್ಟ್ರೇಲಿಯಾದ ಬಿಟರ್ ಸ್ಪ್ರಿಂಗ್ಸ್ ಚರ್ಟ್‌ನಲ್ಲಿ, ಸುಮಾರು 80 ಕೋಟಿ ವರ್ಷ ಹಳೆಯ ಕೋಶಗಳನ್ನು ವಿವರಿಸಿದ. ಕೆಲವು ಕೋಶಗಳ ಒಳಗೆ ಒಂದೊಂದು ಕಪ್ಪು ಚುಕ್ಕೆ. ಚುಕ್ಕೆ ಕೋಶಕೇಂದ್ರವಾದರೆ ಅದು ಬ್ಯಾಕ್ಟೀರಿಯಾ ಅಲ್ಲ, ನಮ್ಮ ನಿಮ್ಮ ವಂಶದ ಸಂಕೀರ್ಣ ಕೋಶ ಎಂದಾಯಿತು; ಅದು ದೊಡ್ಡ ಸುದ್ದಿ. 1975ರಲ್ಲಿ ಇನ್ನೊಬ್ಬ ಶಿಷ್ಯ ಆಂಡ್ರೂ ನಾಲ್, ಬಾರ್ಗೂರ್ನ್ ಜೊತೆ ಸೇರಿ ಇದನ್ನು ಮರುಪರಿಶೀಲಿಸಿದ. ಆ ಬಳಗದಲ್ಲಿ ಜೀವಂತ ನೀಲಿ ಹಸಿರು ಪಾಚಿಯನ್ನು ಬೇಕೆಂದೇ ಕೊಳೆಯಲು ಬಿಟ್ಟು ನೋಡುವ ಪ್ರಯೋಗಗಳು ನಡೆದಿದ್ದವು. ಒಣಗಿದ ಅವರೆಕಾಯಿಯೊಳಗೆ ಕಾಳು ಸೊರಗಿ ಮೂಲೆ ಹಿಡಿಯುವ ಹಾಗೆ, ಕೋಶದ ಒಳಗಿನ ದ್ರವ್ಯ ಸುಕ್ಕಿ ಚುಕ್ಕೆಯಾಗುತ್ತದೆ. ಹೊರಗಿನ ಪೊರೆ ಮಾತ್ರ ಆಕಾರ ಬಿಡುವುದಿಲ್ಲ. ಕೋಶಕೇಂದ್ರವೇ ಇಲ್ಲದ ಜೀವಿಯಲ್ಲೂ ಚುಕ್ಕೆ ಬರುತ್ತದೆ ಎಂದ ಮೇಲೆ ಚುಕ್ಕೆಯನ್ನು ಸಾಕ್ಷಿಯೆಂದು ಹಿಡಿಯುವುದು ಕಷ್ಟ. ಗುರು ತನ್ನದೇ ಶಾಲೆಯ ಕೆಲಸವನ್ನು ಹೀಗೆ ಒರೆಗೆ ಹಚ್ಚಿದ್ದು ನನಗೆ ಇಂದಿಗೂ ಮೆಚ್ಚುಗೆಯ ವಿಷಯ.

ಆದರೆ ಅದೇ ಚುಕ್ಕೆಗೆ ಇನ್ನೊಂದು ಮುಖವಿದೆ. ಅದು ಕೋಶಕೇಂದ್ರ ಅಲ್ಲದಿರಬಹುದು, ಆದರೂ ಅಲ್ಲಿ ಒಂದು ಕೋಶ ಇತ್ತು ಎಂದು ಹೇಳುತ್ತದೆ. ಕಲ್ಲು ಆಕಾರವನ್ನು ನಕಲು ಮಾಡಬಲ್ಲದು. ಸ್ಪೇನ್‌ನ ಗಾರ್ಸಿಯಾ ರುಯಿಜ್ ತಂಡ 2003ರಲ್ಲಿ ಬರೀ ಬೇರಿಯಂ ಕಾರ್ಬೊನೇಟ್ ಮತ್ತು ಸಿಲಿಕಾದಿಂದ, ಜೀವದ ಸೋಂಕೇ ಇಲ್ಲದೆ, ನುಲಿದ ಎಳೆಗಳನ್ನು ಬೆಳೆಸಿ ತೋರಿಸಿತು. ನೋಡಿದರೆ ಸೂಕ್ಷ್ಮಜೀವಿಯ ಪಳೆಯುಳಿಕೆ ಎಂದೇ ಅನ್ನಬೇಕು. ಆದರೆ ಒಂದೇ ಜಾತಿಯ ನೂರಾರು ಗುಂಡುಗಳು, ಕೆಲವು ಎರಡಾಗಿ ಒಡೆಯುತ್ತಿರುವಂಥವು, ಕೆಲವು ತುಂಬಿಕೊಂಡವು, ಕೆಲವು ಅರ್ಧ ಸುಕ್ಕಿದವು, ಕೆಲವು ಬರೀ ಪೊರೆ, ಇವೆಲ್ಲ ಒಂದೇ ಪದರದಲ್ಲಿ ಹಂತಹಂತವಾಗಿ ಸಿಗುವುದು ಹರಳುಗಳಿಂದ ಆಗುವ ಕೆಲಸವಲ್ಲ. ನಾನು ಸ್ಲೈಡ್ ನೋಡುವಾಗ ಚೆನ್ನಾಗಿ ಉಳಿದದ್ದನ್ನು ಮೊದಲು ಹುಡುಕುವುದಿಲ್ಲ, ಕೆಟ್ಟದ್ದನ್ನೇ ಹುಡುಕುತ್ತೇನೆ.

ಉಳಿದ ಪರೀಕ್ಷೆಗಳೂ ಇವೆ. ಕಲ್ಲನ್ನು ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ಕರಗಿಸಿ ಒಳಗಿನ ಇಂಗಾಲದ ಚೂರುಗಳನ್ನು ಹೊರತೆಗೆಯಬಹುದು. ದ್ಯುತಿಸಂಶ್ಲೇಷಣೆ ಹಗುರವಾದ ಇಂಗಾಲ-12ನ್ನು ಹೆಚ್ಚಾಗಿ ಹಿಡಿಯುವುದರಿಂದ, ಅದಕ್ಕೂ ಭಾರದ ಇಂಗಾಲ-13ಕ್ಕೂ ಇರುವ ಅನುಪಾತವನ್ನು ಅಳೆದು ಜೀವದ ಕುರುಹು ಹುಡುಕಬಹುದು. ಆಮ್ಲದ ದಾರಿಯಲ್ಲಿ ಅಪಾಯವಿದೆ: ಪ್ರಯೋಗಾಲಯದ ಧೂಳು, ನಿನ್ನೆಯ ಪರಾಗ, ಬಿರುಕಿನಲ್ಲಿ ಇಳಿದ ಬೂಷ್ಟು, ಎಲ್ಲವೂ ಕಲ್ಲಿನದೇ ಎಂಬಂತೆ ಹೊರಬರುತ್ತವೆ. ಲಖನೌದಲ್ಲಿ ಈ ಶಾಸ್ತ್ರಕ್ಕೆ ಸಂಸ್ಥೆ ಕಟ್ಟಿದ ಬೀರಬಲ್ ಸಾಹ್ನಿ, ಸೀವರ್ಡ್ ಶಿಷ್ಯ, ನಮಗೆಲ್ಲ ಮೂಲಪುರುಷ. 1940ರ ದಶಕದಲ್ಲಿ ಅವರು ಪಂಜಾಬಿನ (ಈಗ ಪಾಕಿಸ್ತಾನದಲ್ಲಿರುವ) ಉಪ್ಪಿನ ಬೆಟ್ಟಗಳ ಉಪ್ಪಿನಲ್ಲಿ ಮರದ ಚೂರು, ಕೀಟದ ತುಣುಕು ಕಂಡು ಅದು ಈಯೊಸೀನ್ ಕಾಲದ್ದು, ಅಂದರೆ ಬಹಳ ಎಳೆಯದು ಎಂದು ಪಟ್ಟಾಗಿ ವಾದಿಸಿದರು. ಆ ಉಪ್ಪು 50 ಕೋಟಿ ವರ್ಷಕ್ಕೂ ಹಳೆಯದೆಂದು ಇಂದು ಒಪ್ಪಲಾಗಿದೆ. ಅಷ್ಟು ದೊಡ್ಡವರಿಗೂ ಹೊರಗಿನಿಂದ ಸೇರಿದ್ದು ಯಾವುದು, ಒಳಗಿನದು ಯಾವುದು ಎಂಬ ಪ್ರಶ್ನೆ ಸುಲಭವಾಗಿರಲಿಲ್ಲ.

ಅತಿ ಹಳೆಯ ಕಲ್ಲುಗಳ ಹತ್ತಿರ ಹೋದ ಹಾಗೆ ಜಗಳ ಹೆಚ್ಚು. ಶಾಫ್ 1993ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಏಪೆಕ್ಸ್ ಚರ್ಟ್‌ನಿಂದ, 346 ಕೋಟಿ ವರ್ಷ ಹಳೆಯ ಎಳೆಗಳನ್ನು 11 ಬಗೆಯಾಗಿ ವಿಂಗಡಿಸಿ ಪ್ರಕಟಿಸಿದ. ಪಠ್ಯಪುಸ್ತಕಗಳು ಅದನ್ನು ಅತಿ ಹಳೆಯ ಜೀವಕೋಶ ಎಂದು ಅಚ್ಚು ಹಾಕಿದವು. 1996ರಲ್ಲಿ ಮಂಗಳನಿಂದ ಬಂದ ಉಲ್ಕಾಶಿಲೆಯಲ್ಲಿ ಜೀವದ ಕುರುಹಿದೆ ಎಂದು ನಾಸಾ ಪತ್ರಿಕಾಗೋಷ್ಠಿ ಕರೆದಾಗ, ಅನುಮಾನದ ಪಕ್ಷ ವಹಿಸಿ ಅದೇ ವೇದಿಕೆಯಲ್ಲಿ ಕೂತಿದ್ದವನೂ ಶಾಫ್. ಆರು ವರ್ಷದ ನಂತರ ಆಕ್ಸ್‌ಫರ್ಡಿನ ಮಾರ್ಟಿನ್ ಬ್ರೇಸಿಯರ್ ಏಪೆಕ್ಸ್ ಮಾದರಿಗಳನ್ನೇ ತೆಗೆದು ನೋಡಿ, ಇವು ಎಳೆಗಳಲ್ಲ, ಬಿಸಿನೀರಿನ ಬಿರುಕಿನಲ್ಲಿ ಹರಳುಗಳ ಅಂಚಿಗೆ ಕೂತ ಇಂಗಾಲ ಎಂದ. ಶಾಫ್ ಬಿಡಲಿಲ್ಲ. 2017ರ ಕೊನೆಯಲ್ಲಿ ಭೂವಿಜ್ಞಾನಿ ಜಾನ್ ವ್ಯಾಲಿಯ ಜೊತೆ ಒಂದೊಂದು ಎಳೆಯ ಇಂಗಾಲದ ಅನುಪಾತವನ್ನೂ ಅಳೆದು, ಅವು ಜೀವಿಗಳೇ ಎನ್ನುವ ಫಲಿತಾಂಶ ಪ್ರಕಟಿಸಿದ. ವಿವಾದ ಮುಗಿದಿಲ್ಲ. ನನ್ನನ್ನು ಕೇಳಿದರೆ ಆ ಕಾಲದಲ್ಲಿ ಜೀವ ಇತ್ತು ಎನ್ನಲು ಏಪೆಕ್ಸ್ ಬೇಕಾಗಿಯೇ ಇಲ್ಲ. ಅದೇ ಸೀಮೆಯ ಸ್ಟ್ರೆಲ್ಲಿ ಪೂಲ್‌ನ 343 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್‌ಗಳು, ಅಂದರೆ ವಾಲ್ಕಾಟ್ ಹೇಳಿದಂಥ ಪದರುಪದರಿನ ಗುಮ್ಮಟಗಳು, ಹೆಚ್ಚು ಗಟ್ಟಿ ಸಾಕ್ಷಿ.

ನಮ್ಮ ದೇಶದ ಎರಡು ಪ್ರಕರಣ ಹೇಳದಿದ್ದರೆ ಉತ್ತರ ಅಪೂರ್ಣ. ಭೀಮಬೇಟ್ಕದ ಗುಹೆಯ ಗೋಡೆಯಲ್ಲಿ ಡಿಕಿನ್ಸೋನಿಯ ಎಂಬ ಪುರಾತನ ಜೀವಿಯ ಅಚ್ಚು ಸಿಕ್ಕಿತೆಂದು 2021ರಲ್ಲಿ ಪತ್ರಿಕೆಗಳೆಲ್ಲ ಬರೆದದ್ದು ನೆನಪಿರಬಹುದು. ಇನ್ನೊಂದು ತಂಡ ಹೋಗಿ ನೋಡಿದರೆ ಅದು ಗೋಡೆಯಿಂದ ಕಿತ್ತು ಬರುತ್ತಿತ್ತು: ಹಾಳಾದ ಜೇನುಗೂಡಿನ ಗುರುತು. ಮೊದಲು ವರದಿ ಮಾಡಿದವರೂ ಒಪ್ಪಿಕೊಂಡರು. ಕೊಳೆತದ್ದು ಸಾಕ್ಷಿ ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಕೊಳೆತದ್ದೂ ಮೋಸ ಮಾಡುತ್ತದೆ ಎನ್ನುವುದು ಇಲ್ಲಿಯ ತಮಾಷೆ. ಚಿತ್ರಕೂಟದ ಕಥೆ ಇದರ ತಿರುಗುಮುರುಗು. ದೆಹರಾದೂನಿನ ರಫತ್ ಅಜ್ಮಿ 1998ರಲ್ಲಿ ವಿಂಧ್ಯ ಶಿಲೆಗಳಲ್ಲಿ ಕೇಂಬ್ರಿಯನ್ ಕಾಲದ ಪಳೆಯುಳಿಕೆಗಳಿವೆ ಎಂದಾಗ ಪಳೆಯುಳಿಕೆ ನಿಜವೇ ಎಂಬುದರ ಬಗ್ಗೆಯೇ ಅನುಮಾನ ಹುಟ್ಟಿತು. ಸ್ವೀಡನ್ನಿನ ಸ್ಟೆಫಾನ್ ಬೆಂಗ್ಟ್‌ಸನ್ ತಂಡ 2009ರಲ್ಲಿ ತೋರಿಸಿದ್ದು ಇಷ್ಟು: ಪಳೆಯುಳಿಕೆಗಳು ನಿಜ, ವಯಸ್ಸು ಮಾತ್ರ ತಪ್ಪು, ಅವು ಇನ್ನೂ ನೂರು ಕೋಟಿ ವರ್ಷ ಹಳೆಯವು. 2017ರಲ್ಲಿ ಅದೇ ಶಿಲೆಯಿಂದ 160 ಕೋಟಿ ವರ್ಷ ಹಳೆಯ ಎಳೆಯೊಂದನ್ನು ಕೆಂಪು ಪಾಚಿ ಎಂದು ವಿವರಿಸಿ ಅದಕ್ಕೆ ರಫತಾಜ್ಮಿಯಾ ಚಿತ್ರಕೂಟೆನ್ಸಿಸ್ ಎಂದು ಹೆಸರಿಟ್ಟರು. ಕೋಶಗಳ ನಡುವಿನ ಅಡ್ಡಗೋಡೆಯ ಮಧ್ಯದಲ್ಲಿ ಪುಟ್ಟ ತಟ್ಟೆಯಂಥದ್ದು ಎಕ್ಸ್‌ರೇ ಚಿತ್ರದಲ್ಲಿ ಕಂಡದ್ದು ಆ ತೀರ್ಮಾನಕ್ಕೆ ಒಂದು ಆಧಾರ. ಅಂಥ ಗೋಡೆ ಕೆಂಪು ಪಾಚಿಯಲ್ಲಿ ಹೇಗಿರುತ್ತದೆ ಎಂದು ಬಲ್ಲವರು ಯಾರು? ನಾವೇ.

ಕರ್ನಾಟಕದಲ್ಲಿ ಏನಿದೆ ಎಂದು ಕೇಳುವವರಿಗೆ: ಬಹಳ ಇದೆ, ಆದರೆ ಕೋಶ ಕಾಣುವುದು ಕಷ್ಟ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯ ಸುತ್ತ, ಶಿವಮೊಗ್ಗದ ಕುಂಸಿಯಲ್ಲಿ, ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ ಧಾರವಾಡ ಶಿಲೆಗಳ ಸುಣ್ಣಕಲ್ಲಿನೊಳಗೆ 250 ಕೋಟಿ ವರ್ಷಕ್ಕೂ ಹಿಂದಿನ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಪಾಚಿಯ ಚಾಪೆ ಕೆಸರನ್ನು ಹಿಡಿದು, ಅದರ ಮೇಲೆ ಮತ್ತೆ ಬೆಳೆದು, ಮತ್ತೆ ಕೆಸರು ಹಿಡಿದು ಏರಿದ ಅಲೆಯಂಥ ಪದರಗಳು. ಬಾಗಲಕೋಟೆ, ಲೋಕಾಪುರದ ಕಡೆಯ ಕಲಾದಗಿ ಶಿಲೆಗಳಲ್ಲೂ ಇವೆ, ಅವು ಇನ್ನೂ ಎಳೆಯವು. ಧಾರವಾಡ ಶಿಲೆಗಳು ನೆಲದಾಳದಲ್ಲಿ ಕಾದು ಮರುಹರಳುಗಟ್ಟಿರುವುದರಿಂದ ಚಾಪೆಯ ಆಕಾರ ಉಳಿದಿದೆ, ಚಾಪೆ ನೇಯ್ದವರು ಅಳಿಸಿಹೋಗಿದ್ದಾರೆ. ಸಂಡೂರಿನ ದೋಣಿಮಲೈ ಪದರದ ಚರ್ಟ್‌ನಿಂದ 1990ರಲ್ಲಿ ಸೂಕ್ಷ್ಮಜೀವಿಗಳ ವರದಿ ಬಂದಿದೆ. ಸ್ಟ್ರೊಮ್ಯಾಟೊಲೈಟ್‌ಗಳ ಮೇಲಿರುವಷ್ಟು ಭರವಸೆ ನನಗೆ ಅವುಗಳ ಮೇಲಿಲ್ಲ. ಹೊಸ ಉಪಕರಣಗಳಲ್ಲಿ ಯಾರಾದರೂ ಮತ್ತೆ ನೋಡಬೇಕು. ನೀವು ಮಾರಿಕಣಿವೆಗೆ ಹೋದರೆ ಸುತ್ತಿಗೆ ಮನೆಯಲ್ಲೇ ಬಿಟ್ಟು ಹೋಗಿ.

ಈ ಕೆಲಸಕ್ಕೆ ಬರಬೇಕೆನ್ನುವ ಹುಡುಗ ಹುಡುಗಿಯರಿಗೆ ದಾರಿ ಎರಡು. ಬಾಟನಿ ಓದಿದವರು ಆಮೇಲೆ ಕಲ್ಲು ಕಲಿಯಬೇಕು, ಜಿಯಾಲಜಿ ಓದಿದವರು ಕೋಶ ಕಲಿಯಬೇಕು. ಎರಡನೆಯದು ಹೆಚ್ಚು ತ್ರಾಸ ಎಂದು ನನ್ನ ಪಕ್ಷಪಾತದ ಅಭಿಪ್ರಾಯ. ಸಾಹ್ನಿ ಸಂಸ್ಥೆ ಇಂದಿಗೂ ಲಖನೌದಲ್ಲಿದೆ, ಅಲ್ಲಿ ಸಂಶೋಧನೆಗೆ ಸೇರಬಹುದು. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಅಭ್ಯಾಸ ಮಾಡಿ: ನಿಮ್ಮೂರ ಕೆರೆಯ ದಡದ ಪಾಚಿಯನ್ನು ನೀರಿನ ಸಮೇತ ಬಾಟಲಿಗೆ ಹಾಕಿ, ಕತ್ತಲಲ್ಲಿಟ್ಟು ಸಾಯಲು ಬಿಡಿ. ವಾರಕ್ಕೊಮ್ಮೆ ಒಂದು ಹನಿಯನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿ ಕಂಡದ್ದರ ಚಿತ್ರ ಬರೆದಿಡಿ. ಒಳಗಿನದು ಮೊದಲು ಹೋಗುತ್ತದೆಯೋ ಹೊರಗಿನ ಪೊರೆಯೋ ಗಮನಿಸಿ. ಬಾಟಲಿಯನ್ನು ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ, ನಾತ ಜೋರಾಗಿಯೇ ಇರುತ್ತದೆ.