‘ಭೂತ’ಕ್ಕಿಂತ ಮೊದಲು ‘ಅವ್ವ’

ಅಕ್ಕನ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ದೀಪಾವಳಿ ರಜೆಗೆ ಅಮ್ಮನ ಜೊತೆ ನಮ್ಮ ಮನೆಗೆ ಬಂದವಳು, “ಚಿಕ್ಕಮ್ಮ, ಹೊಸಗನ್ನಡ ಕವನ ಓದಬೇಕು ಅನಿಸ್ತಿದೆ, ಯಾವುದಾದ್ರೂ ಒಳ್ಳೇ ಪುಸ್ತಕ ಹೇಳು” ಅಂದಳು. ನನಗಾದ ಖುಷಿ ಅಷ್ಟಿಷ್ಟಲ್ಲ. ನಾನು ಒಲೆ ಮುಂದೆ ಇದ್ದೆ, ಇರು ಬರ್ತೀನಿ ಅನ್ನುವಷ್ಟರಲ್ಲಿ ಅವಳೇ ಕಪಾಟಿನಿಂದ ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ ಸಂಕಲನ ತೆಗೆದು ‘ಭೂತ’ ಪದ್ಯಕ್ಕೆ ಕೈ ಹಾಕಿದ್ದಳು. ಸ್ವಲ್ಪ ಹೊತ್ತಿಗೇ ಪುಸ್ತಕ ಮುಚ್ಚಿಟ್ಟಳು. “ಒಂದು ಸಾಲೂ ತಲೆಗೆ ಹೋಗ್ಲಿಲ್ಲ, ಇದು ನನ್ನಂಥವರಿಗಲ್ಲ ಬಿಡು.”

ಎಷ್ಟೋ ಜನ ನವ್ಯ ಕಾವ್ಯದಿಂದ, ಅಂದರೆ ಅಡಿಗರಂಥವರು ಬರೆದ ಹೊಸ ಬಗೆಯ ಕಾವ್ಯದಿಂದ, ದೂರವಾಗುವುದು ಇಲ್ಲೇ. ಅಡಿಗರು ದೊಡ್ಡ ಕವಿ, ಹಾಗಾಗಿ ಮೊದಲು ಅವರನ್ನೇ ಓದಿ, ಅದರಲ್ಲೂ ಕಷ್ಟದ್ದನ್ನೇ ಓದಿ ಅಂತ ಯಾರೋ ಹೇಳಿರುತ್ತಾರೆ. ಶಾಲೆಯಲ್ಲಿ ಬೇರೆ ಪದ್ಯ ಅಂದರೆ ಭಾವಾರ್ಥ ಬರೆದು ಅಂಕ ತಗೊಳ್ಳುವುದು ಅಂತಲೇ ಕಲಿಸಿದ್ದಾರೆ. ಮೊದಲ ಸಾಲಿನಿಂದಲೇ ಅರ್ಥ ಹುಡುಕುತ್ತಾರೆ, ಸಿಗದಿದ್ದರೆ ಬಿಟ್ಟೇಬಿಡುತ್ತಾರೆ.

ಸಂಜೆ ಕಾಫಿ ಆದಮೇಲೆ ಲಂಕೇಶರ ‘ಅವ್ವ’ ಪದ್ಯ ತೆಗೆದುಕೊಟ್ಟೆ. ಅರ್ಥ ಗಿರ್ಥ ಆಮೇಲೆ, ಸುಮ್ನೆ ಜೋರಾಗಿ ಓದು ಅಂದೆ. “ನನ್ನವ್ವ ಫಲವತ್ತಾದ ಕಪ್ಪು ನೆಲ” ಅಂತ ಶುರುವಾಗುತ್ತದೆ ಅದು. ಸಿನಿಮಾ ತಾಯಿಯ ಹಾಗೆ ಕಣ್ಣೀರು ಸುರಿಸುವ ಅಮ್ಮ ಅಲ್ಲ ಇವಳು. ಮಕ್ಕಳನ್ನು ಹೊತ್ತು, ಗಂಡನನ್ನೂ ಸಾಕಿ, ಕಾಸು ಗಂಟು ಕಟ್ಟಿಟ್ಟವಳು. ಬೈಯುತ್ತಾಳೆ, ಗೊಣಗುತ್ತಾಳೆ, ಸಣ್ಣತನವೂ ಉಂಟು. ಸಾವಿತ್ರಿ ಅಲ್ಲ, ಜಾನಕಿ ಅಲ್ಲ, ಊರ್ಮಿಳೆಯೂ ಅಲ್ಲ ಅಂತ ಕವಿಯೇ ಹೇಳಿಬಿಡುತ್ತಾರೆ. ಹೆತ್ತ ತಾಯಿಯ ಕೊಂಕನ್ನೂ ಕೋಪವನ್ನೂ ಮುಚ್ಚಿಡದೆ ಬರೆದು, ಅದರಲ್ಲೇ ಅಷ್ಟು ಪ್ರೀತಿ ಕಾಣಿಸಿದ್ದಾರಲ್ಲ, ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಕೊನೆಯಲ್ಲಿ ಆಕೆ ಸತ್ತದ್ದನ್ನು ಹೇಳುವ ರೀತಿ ನೋಡಿ: ಮನೆಯಿಂದ ಹೊಲಕ್ಕೆ ಹೋದ ಹಾಗೆ, ಮಾತಾಡುತ್ತಲೇ ಹೊರಟುಹೋದಳಂತೆ.

ಹುಡುಗಿ ಓದಿ ಮುಗಿಸಿದಳು. ಬಾಗಿಲ ಹತ್ತಿರ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಕ್ಕ, ಕವನದ ಪುಸ್ತಕ ಯಾವತ್ತೂ ಮುಟ್ಟಿದವಳಲ್ಲ, “ಇನ್ನೊಂದ್ಸಲ ಓದೇ. ನಮ್ಮಜ್ಜಿ ಹೀಗೇ ಹೋದ್ಲು, ಅಲ್ವಾ?” ಅಂದಳು. ಭಾವಾರ್ಥವನ್ನು ಯಾರೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಸುಲಭವಾಯಿತು. ವೈದೇಹಿಯವರ ಒಂದು ಪದ್ಯ ಓದಿದೆವು. ನನಗೆ ಕಾವ್ಯ ಗೊತ್ತಿಲ್ಲ, ತಿಳಿಸಾರು ಗೊತ್ತು ಅನ್ನುವ ಹೆಂಗಸು ಅದರಲ್ಲಿ ಮಾತಾಡುತ್ತಾಳೆ. ಸಾರು ಅಂದರೆ ಸುಮ್ಮನೆ ಅಂದುಕೊಂಡಿರಾ ಅಂತ ತಿಳಿದವರನ್ನೇ ಕೇಳುತ್ತಾಳೆ. ಎಷ್ಟೋ ವಿಮರ್ಶೆಗಿಂತ ಆ ಒಂದು ಪದ್ಯ ಕಾವ್ಯದ ಬಗ್ಗೆ ಜಾಸ್ತಿ ಹೇಳುತ್ತದೆ ಅಂತ ನಾನು ನಂಬಿದ್ದೇನೆ. ಜಯಂತ ಕಾಯ್ಕಿಣಿ ನಮ್ಮ ಹುಡುಗಿಗೆ ‘ಮುಂಗಾರು ಮಳೆ’ಯ ಹಾಡಿನಿಂದ ಗೊತ್ತು. ಆದರೆ ಅವರು ಸಿನಿಮಾಕ್ಕೆ ಬರೆಯುವುದಕ್ಕಿಂತ ಎಷ್ಟೋ ಮೊದಲೇ, 1974ರಲ್ಲೇ, ಅವರ ಕವನ ಸಂಕಲನ ‘ರಂಗದಿಂದೊಂದಿಷ್ಟು ದೂರ’ ಬಂದಿತ್ತು ಅಂದಾಗ ಕಣ್ಣರಳಿಸಿದಳು. ದಲಿತ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು ಅದರ ಮರುವರ್ಷ. ಅದರ ಪದ್ಯಗಳನ್ನು ಬೀದಿಯಲ್ಲಿ, ಮೆರವಣಿಗೆಯಲ್ಲಿ ಜನ ಹಾಡಿದರು. ಅದನ್ನು ಕೂತು ಓದಬಾರದು, ದನಿ ಎತ್ತಿಯೇ ಓದಬೇಕು.

ರಾತ್ರಿ ಊಟ ಆದಮೇಲೆ ಅವಳೇ “ಈಗ ಭೂತ ನೋಡೋಣ್ವಾ?” ಅಂದಳು. ‘ಅಮೆರಿಕಾ ಅಮೆರಿಕಾ’ ಸಿನಿಮಾದ ಮೋಹನ ಮುರಳಿ ಹಾಡು ಬರೆದವರೂ ಇದೇ ಅಡಿಗರು ಅಂತ ಮೊದಲು ಹೇಳಿದೆ. ಅವರು ಮೊಗೇರಿಯವರು, ಕರಾವಳಿಯವರು. ಒಂದು ಸಂಕಲನಕ್ಕೆ ಯಕ್ಷಗಾನದ ವಾದ್ಯಗಳ ಹೆಸರನ್ನೇ, ‘ಚಂಡೆಮದ್ದಳೆ’ ಅಂತ ಇಟ್ಟಿದ್ದಾರೆ. ಆ ಬಡಿತ ಸಾಲುಗಳಲ್ಲೂ ಕೇಳುತ್ತದೆ, ಮನಸ್ಸಿನಲ್ಲೇ ಓದಿಕೊಂಡರೆ ತಪ್ಪಿಹೋಗುತ್ತದೆ. ಭೂತ ಅಂದರೆ ದೆವ್ವ ಮಾತ್ರ ಅಲ್ಲ, ಕಳೆದುಹೋದ ಕಾಲವೂ ಹೌದು ಅಂತ ಹೇಳಿ, ಈ ಸಲ ನಾನೇ ಓದಿದೆ. ಬಾವಿಯೊಳಗೆ ಕೊಳೆಯುವ ನೀರು ಆವಿಯಾಗಿ ಮೇಲೇಳುವ ಜಾಗ ಬಂದಾಗ ಅವಳು ತಡೆದಳು. “ಒಂದ್ನಿಮಿಷ. ಹಳೇದು ಅಲ್ಲೇ ಬಿದ್ದಿದ್ರೆ ಕೊಳೆಯುತ್ತೆ, ಮೇಲೆ ಹೋದ್ರೆ ಮಳೆಯಾಗಿ ಬರುತ್ತೆ, ಅಲ್ವಾ?” ಅಂದಳು. ಮುಂದೆ ಗುದ್ದಲಿ ಹಿಡಿದು ತಳದವರೆಗೆ ಅಗೆದು ಚಿನ್ನದ ಅದಿರು ಹುಡುಕುವ, ಅದನ್ನು ಕಾಯಿಸಿ ಬಡಿದು ವಿಗ್ರಹ ಮಾಡುವ ಮಾತು ಬರುತ್ತದೆ. ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಉಳಿದ ಕೆಲವು ಸಾಲು ಇಬ್ಬರಿಗೂ ಪೂರ್ತಿ ಬಿಡಿಸಲು ಆಗಲಿಲ್ಲ, ಓದುವುದನ್ನಂತೂ ನಿಲ್ಲಿಸಲಿಲ್ಲ.

ಹಾಸ್ಟೆಲ್‌ಗೆ ಹೊರಟಾಗ ಲಂಕೇಶರೇ ಸಂಪಾದಿಸಿದ ‘ಅಕ್ಷರ ಹೊಸ ಕಾವ್ಯ’ ಕೊಟ್ಟು ಕಳಿಸಿದೆ. ಒಬ್ಬೊಬ್ಬ ಕವಿಯನ್ನೂ ಸ್ವಲ್ಪ ಸ್ವಲ್ಪ ಓದಿ, ಯಾರು ಹಿಡಿಸಿದರೋ ಅವರ ಪೂರ್ತಿ ಪುಸ್ತಕ ಹುಡುಕಿಕೊಳ್ಳಲಿ ಅಂತ. ತಿರುಮಲೇಶರ ‘ಅಕ್ಷಯ ಕಾವ್ಯ’ವನ್ನೂ ಕೇಳಿದಳು. ಅದು ದೀರ್ಘ ಕಾವ್ಯ, ಪರೀಕ್ಷೆ ಮುಗಿಸ್ಕೊಂಡು ಬಾ, ಬೇಸಿಗೆ ರಜೆಯಲ್ಲಿ ಇಬ್ಬರೂ ಸೇರಿ ಓದೋಣ ಅಂದಿದ್ದೇನೆ.